ಸುಮ್ಮನೆ ಕೂತಿದ್ದ ಟೈರು

ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ನಾನು ನೋಡಲಿಲ್ಲ. ನೋಡಿದೆ ಎಂದು ಅಕ್ಕನಿಗೆ ಸುಳ್ಳು ಹೇಳಿದೆ.

ಪಿಕಪ್ ಓಡಿಸುವ ಅಕ್ಕ ಪ್ರತಿ ಬಾಡಿಗೆಗೂ ಮುಂಚೆ ಗಾಡಿಯಡಿ ನುಸುಳಿ ಸ್ಟೆಪ್ನಿಯನ್ನು ಗುದ್ದಿ ನೋಡುವಳು. ಆಯುಧಪೂಜೆಯಲ್ಲಿ ಅದಕ್ಕೂ ಕುಂಕುಮ. "ಸುಮ್ನೆ ಕೂತಿರೋನ್ನ ಮೊದ್ಲು ವಿಚಾರಿಸ್ಕೋಬೇಕು ಕಣೋ" ಎನ್ನುವಳು. ಅಂದು ಮದುವೆಯ ಹೂ ಹೇರುವ ಗಡಿಬಿಡಿಯಲ್ಲಿ ಆ ಕೆಲಸ ನನಗೆ ಒಪ್ಪಿಸಿದ್ದಳು.

ಗುಬ್ಬಿಯಿಂದ ಕುಣಿಗಲ್‌ಗೆ ಹೊರಟವರು ಸಿ.ಎಸ್. ಪುರ ದಾಟುತ್ತಲೇ ಟೈರ್ ಢಬ್ಬೆಂದಿತು. ಸ್ಟೆಪ್ನಿ ಇಳಿಸಿದರೆ ಅದೂ ಚಪ್ಪಟೆ! ಮುಹೂರ್ತ ಹತ್ತಿರವಾಗುತ್ತಿತ್ತು. ಅಕ್ಕ ನಡುರಸ್ತೆಗೆ ಹಾರಿ, ಅಂಥದೇ ಪಿಕಪ್ಪೊಂದಕ್ಕೆ ಕೈಯಡ್ಡ ಹಿಡಿದಳು.

"ಅಣ್ಣಾ, ನಿನ್ ಸ್ಟೆಪ್ನಿ ಕೊಡು, ಸಂಜೆ ತಂದ್ಕೊಡ್ತೀನಿ!"

"ಡ್ರೈವರ್ ಆಗಿ ಗಾಳಿ ನೋಡ್ಕಳಕ್ಕಾಗಲ್ವೇನಮ್ಮಾ?"

"ಮರ್ತ್‌ಬಿಟ್ಟೆ ಕಣಣ್ಣಾ" ಎಂದಳು ಅಕ್ಕ, ನನ್ನತ್ತ ನೋಡದೆ.

ತಾಳಿ ಕಟ್ಟುವ ಮೊದಲೇ ಹೂ ಮುಟ್ಟಿಸಿದೆವು! ಸಂಜೆ ಸ್ಟೆಪ್ನಿ ಹಿಂತಿರುಗಿಸುವಾಗ ಆ ಡ್ರೈವರ್ ಎದುರೇ ಬಾಯಿಬಿಟ್ಟೆ: "ಮರ್ತಿದ್ದು ಅಕ್ಕ ಅಲ್ಲ, ಸುಳ್ಳು ಹೇಳಿದ್ದು ನಾನು. ತಪ್ಪಾಯ್ತು ಅಕ್ಕಾ."