ಸಿದ್ದಿ ಹುಡುಗಿಗೆ ಸುಸ್ತಾಗುವುದಿಲ್ಲ

ಹಳಿಯಾಳದ ಕಾಲೇಜಿಗೆ ಸೇರಿದ ಮೊದಲ ವಾರವೇ ಪಿ.ಟಿ. ಸರ್ ನನ್ನ ಹೆಸರನ್ನು ಓಟದ ಪಟ್ಟಿಗೆ ಬರೆದುಕೊಂಡರು. ಓಡಲು ಬರುತ್ತದೆಯೇ ಎಂದು ಕೇಳಲಿಲ್ಲ.

"ಸಿದ್ದಿ ಹುಡುಗಿ ಅಲ್ಲೇನು ನೀ? ನಿಮ್ಮ ಮಂದಿಗೆ ಅದು ರಕ್ತದಾಗ ಐತಿ," ಎಂದರು.

ಹೊಗಳಿಕೆ ಎಂದೇ ತಿಳಿದೆ. ನಮ್ಮೂರು ಸಾಂಬ್ರಾಣಿಯ ಹತ್ತಿರ. ನಮ್ಮ ಸಿದ್ದಿ ಜನ ಆಫ್ರಿಕಾದಿಂದ ಬಂದು ಎಷ್ಟೋ ತಲೆಮಾರಾಯಿತು; ಅಜ್ಜನ ಅಜ್ಜನೂ ಅಲ್ಲೇ ಹುಟ್ಟಿದವನು. ಆದರೂ ಬಸ್ಸಿನಲ್ಲಿ ಪಕ್ಕದವರು ನನ್ನ ಮುಖ, ಕೂದಲು ನೋಡಿ ಯಾವ ದೇಶದವಳೆಂದು ಹಿಂದಿಯಲ್ಲಿ ಕೇಳುತ್ತಿದ್ದರು. ಹಾಗಿರುವಾಗ ಯಾರಿಗೋ ನಾನು ಬೇಕಾದದ್ದು ಹಿತವಾಗಿತ್ತು.

ಆ ವರ್ಷ ಕಾಲುಗಳು ನನ್ನ ಮಾತು ಕೇಳುವುದನ್ನು ಬಿಟ್ಟವು. ಬೆಂಚಿನಲ್ಲಿ ಕೂತರೆ ಮೀನಖಂಡದೊಳಗೆ ಇರುವೆ ಹರಿದಂತೆ; ಅಲ್ಲಾಡಿಸುತ್ತಲೇ ಇರಬೇಕು. ಎರಡು ಸುತ್ತು ಓಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಹಾಸ್ಟೆಲ್ಲಿನ ಅಡುಗೆಮನೆಯಿಂದ ಹಸಿ ಅಕ್ಕಿ ತಂದು ಜಗಿಯುತ್ತಿದ್ದೆ. ಅದು ಮನೆತನದ ಚಟ ಎಂದುಕೊಂಡಿದ್ದೆ. ಅಮ್ಮನನ್ನು ನಾವು ಆಯಿ ಎನ್ನುತ್ತೇವೆ; ಅವಳೂ ಅಕ್ಕಿ ಕೇರುತ್ತ ಕೇರುತ್ತ ಬಾಯಿಗೆ ಹಾಕಿಕೊಳ್ಳುತ್ತಾಳೆ.

ಪೇಟೆಯ ಡಾಕ್ಟರೊಬ್ಬರ ಬಳಿ ಹೋದೆ. ಅವರು ನಾಡಿ ಕೂಡ ಹಿಡಿಯಲಿಲ್ಲ.

"ಕಾಡಿನ ಮಂದಿ ನೀವು, ಗಟ್ಟಿ ಇರ್ತೀರಿ. ಪರೀಕ್ಷೆ ಚಿಂತಿ ಇರಬೇಕು."

ನಾಚಿಕೆಯಾಯಿತು. ಗಟ್ಟಿಯಿಲ್ಲದವಳು ಎಂಥ ಸಿದ್ದಿ ಎನಿಸಿತು.

ದಾಂಡೇಲಿಯ ಕ್ರೀಡಾಕೂಟದಲ್ಲಿ ಮೂರನೇ ಸುತ್ತಿಗೆ ಬಿದ್ದೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ವಯಸ್ಸಾದ ನರ್ಸಮ್ಮ ನನ್ನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು.

"ಮೈಬಣ್ಣದಾಗ ಗೊತ್ತಾಗೂದಿಲ್ಲವ್ವ, ಇಲ್ಲೆ ನೋಡಬೇಕು. ಪೂರಾ ಬಿಳಚಿಕೊಂಡೈತಿ. ಮುಟ್ಟು ಎಷ್ಟು ದಿನ?"

"ಎಂಟು ದಿನ್ರಿ."

"ಹಸಿ ಅಕ್ಕಿ, ಮಣ್ಣು ಏನರ ತಿಂತಿಯೇನು?"

ಯಾರಿಗೂ ಹೇಳದ್ದು ಅವರಿಗೆ ಗೊತ್ತಿತ್ತು. ಅಳು ಬಂತು. ರಕ್ತ ಪರೀಕ್ಷೆಯಲ್ಲಿ, ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಆರು ಬಂತು. ಕಾಲಿನ ಚಡಪಡಿಕೆಯೂ ಹಸಿ ಅಕ್ಕಿಯ ಚಟವೂ ರಕ್ತ ಕಡಿಮೆಯಾದದ್ದರಿಂದಲೇ ಎಂದರು ಅವರು. ನನ್ನ ಸ್ವಭಾವವೆಂದು ನಾನು ನಂಬಿದ್ದರಲ್ಲಿ ಕಾಯಿಲೆ ಎಷ್ಟು, ನಾನೆಷ್ಟು ಎಂದು ಯೋಚಿಸುತ್ತ ತಲೆ ಕೆಟ್ಟುಹೋಯಿತು. ಕಾಲೇಜಿಗೆ ಮರಳಿದವಳೇ ಓಟದ ಪಟ್ಟಿಯಿಂದ ಹೆಸರು ತೆಗೆಸಿದೆ. ಆರಾಮವಾದ ಮೇಲೆ ಓಡುವೆಯಂತೆ ಎಂದರು ಸರ್. ಓಡುವುದು ನನಗೆ ಎಂದೂ ಸೇರಿರಲಿಲ್ಲ ಎಂದೆ.

ರಜೆಯಲ್ಲಿ ಊರಿಗೆ ಹೋಗಿ ಆಯಿಯ ರೆಪ್ಪೆ ಎಳೆದು ನೋಡಿದೆ. ಸುಣ್ಣದ ಹಾಗಿತ್ತು. ತನಗೇನೂ ಆಗಿಲ್ಲವೆಂದು ಕೊಂಕಣಿಯಲ್ಲಿ ಗದರಿದಳು. ಹೆತ್ತ ಮರುವಾರವೇ ಗದ್ದೆಗಿಳಿದ ಕತೆ ತೆಗೆದಳು. ಎರಡು ದಿನ ಜಗಳವಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವಳ ಹಿಮೋಗ್ಲೋಬಿನ್ ಏಳು.

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ರಕ್ತ ಪರೀಕ್ಷೆಯ ಚೀಟಿಯನ್ನು ಬಹಳ ಹೊತ್ತು ಮಡಚಿದಳು, ಬಿಚ್ಚಿದಳು. ಮದುವೆಯಾದ ಮೇಲೆ ಅತ್ತೆ ತನ್ನನ್ನು ಮೈಗಳ್ಳಿ ಎನ್ನುತ್ತಿದ್ದಳಂತೆ. ತಾನೂ ಅದನ್ನು ನಿಜವೆಂದೇ ತಿಳಿದಿದ್ದೆ ಎಂದಳು.

ಬಸ್ ಬಂತು, ಹೋಯಿತು. ಇಬ್ಬರೂ ಏಳಲಿಲ್ಲ. ಮುಂದಿನ ವಾರ ತನ್ನ ತಂಗಿಯನ್ನೂ ಕರೆತರಬೇಕು, ಅವಳು ಸುಲಭಕ್ಕೆ ಬರುವವಳಲ್ಲ ಎಂದು ಆಯಿ ಲೆಕ್ಕ ಹಾಕುತ್ತಿದ್ದಳು.