ನರ್ಸಮ್ಮನ ರಿಜಿಸ್ಟರಿನಲ್ಲಿ ಗಂಡನ ಹೆಸರು

ನರ್ಸಮ್ಮನ ಬಲಗೈ ಮಣಿಕಟ್ಟಿಗೆ ಬಳೆಯ ಹಾಗೆ ಸುತ್ತಿಕೊಂಡ ಒಂದು ಸುಟ್ಟ ಕಲೆಯಿತ್ತು. ಕತ್ತರಿ ಚಿಮಟ ಕುದಿಸುವ ಪಾತ್ರೆಯ ಅಂಚು ತಗುಲಿ ತಗುಲಿ ಆದದ್ದು. ಉಗುರನ್ನು ಎಷ್ಟು ಒತ್ತಿ ಕತ್ತರಿಸುತ್ತಿದ್ದರೆಂದರೆ ಬೆರಳ ತುದಿಗಳೇ ಚಪ್ಪಟೆಯಾಗಿದ್ದವು. ಬಸುರಿಯ ಹೊಟ್ಟೆ ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುವರು. "ತಣ್ಣನೆ ಕೈ ಇಟ್ರೆ ಒಳಗಿರೋದು ಬೆಚ್ಚಿಬೀಳುತ್ತೆ, ಕಣ್ಣು" ಅನ್ನುವರು. ಚಿನ್ನದ ಗಣಿಯ ಕೂಲಿಕಾರರ ನಂದಿದುರ್ಗ ಲೈನಿನಲ್ಲಿ ಹುಟ್ಟಿ ಬೆಳೆದವರು. ತಮಿಳರ ಆ ಮುದ್ದಿನ ‘ಕಣ್ಣು’ ಅವರ ಕನ್ನಡದಲ್ಲೂ ಬಂದು ಕೂತುಬಿಟ್ಟಿತ್ತು. ಗಣಿಯೊಳಗೆ ಇಳಿದ ಗಂಡ ಒಂದು ದಿನ ಮೇಲೆ ಬರಲಿಲ್ಲ. ಆಮೇಲೆ ಹೆರಿಗೆ ಮಾಡಿಸುವ ತರಬೇತಿ ಪಡೆದು ಸರ್ಕಾರಿ ಕೆಲಸಕ್ಕೆ ಸೇರಿದ್ದರು.

ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ಕ್ಯಾಸಂಬಳ್ಳಿಯಿಂದ ಎರಡು ಮೈಲಿ ದೂರದ ನಮ್ಮೂರಲ್ಲಿ ಒಂದೇ ಕೋಣೆಯ ಹೆರಿಗೆ ಕೇಂದ್ರವಿತ್ತು. ಬೋರ್ಡಿನ ಮೇಲೆ ಡಾಕ್ಟರು, ನರ್ಸು, ಆಯಾ ಮೂವರೂ ಇದ್ದರು. ಒಳಗೆ ಇದ್ದವರು ನರ್ಸಮ್ಮ ಒಬ್ಬರೇ. ಗುರುವಾರ ಗುರುವಾರ ಬಂಗಾರಪೇಟೆಯಿಂದ ಬರುತ್ತಿದ್ದ ಡಾಕ್ಟರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಆಯಾ ಬೇಕೆಂದು ತಿಂಗಳಿಗೊಂದು ಅರ್ಜಿ ಹೋಗುವುದು, ‘ಪರಿಶೀಲನೆಯಲ್ಲಿದೆ’ ಅಂತ ಒಂದು ಉತ್ತರ ಬರುವುದು. ಹತ್ತಿ ಕೇಳಿದರೆ ಅರ್ಧ ಬರುವುದು. ಮಿಕ್ಕಿದ್ದಕ್ಕೆ ತಮ್ಮ ಹಳೇ ಸೀರೆ ಹರಿದು ಕುದಿಸುವರು. "ನೀರು ಕುದೀಲಿ, ಮನಸ್ಸು ಕುದೀಬಾರ್ದು" ಎಂಬುದು ಅವರ ಮಾತು.

ಆಗ ನಾನು ಎಂಟು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ನನಗೆ ತವರಿರಲಿಲ್ಲ. ನನ್ನನ್ನು ಹೆತ್ತ ಮೂರನೇ ದಿನಕ್ಕೆ ಅವ್ವ ತೀರಿಹೋಗಿದ್ದಳು. ನಮ್ಮ ಮನೆಯವರು ನಂದಿದುರ್ಗದ ಗಣಿಯಲ್ಲಿ ಕಂತ್ರಾಟು ಕೂಲಿ. ಗಣಿ ಆಸ್ಪತ್ರೆಯ ಚೀಟಿ ನಮಗಿರಲಿಲ್ಲ. ನನ್ನ ಜೀವ ಇದ್ದದ್ದು ಆ ಸುಟ್ಟ ಕಲೆಯ ಕೈಯಲ್ಲಿ.

ಹೊಟ್ಟೆ ತೋರಿಸಲು ಹೋಗಿದ್ದ ದಿನವೇ ತನಿಖೆಯ ಸಾಹೇಬರು ಜೀಪಿನಲ್ಲಿ ಬಂದರು. ಹೆರಿಗೆ ಕಡಿಮೆ ಇರುವ ಕೇಂದ್ರ ಮುಚ್ಚಿ ನರ್ಸುಗಳನ್ನು ಬೇರೆ ಕಡೆ ಹಾಕುತ್ತಾರೆಂಬ ಸುದ್ದಿ ಮೊದಲೇ ಇತ್ತು. ಸಾಹೇಬರು ಬಸುರಿಯರ ರಿಜಿಸ್ಟರು ತೆಗೆದು, ಗಂಡನ ಹೆಸರಿನ ಕಾಲಂ ಮೇಲೆ ಬೆರಳಿಟ್ಟು ಓದತೊಡಗಿದರು.

"ಬಾವಿಕಟ್ಟೆ ಮನೆಯವರು. ಚೆಂಗನ ಅಪ್ಪ. ಹುಣಸೇಮರದ ಮನೆಯವರು. ಇದೇನಿದು, ‘ಅವರೇ’? ಇವು ಹೆಸರೇನಮ್ಮ?"

"ಗಂಡನ ಹೆಸರು ಇವರು ಬಾಯಲ್ಲಿ ಹೇಳಲ್ಲ ಸಾರ್. ಹೇಳಿದ ಗುರುತನ್ನೇ ಬರ್ದಿದೀನಿ. ಗಂಡಸರು ಹಗಲು ಮನೇಲಿರಲ್ಲ. ಹೋಗಿ ವಿಚಾರಿಸೋಕೆ ಆಯಾನೂ ಇಲ್ಲ."

"ಇಲ್ಲದ ಬಸುರಿಯರನ್ನ ಬರ್ಕೊಂಡು ಕೆಲಸ ಉಳಿಸ್ಕೊಂಡಿದೀರಿ ಅಂತ ನಾನು ಬರೀಬೇಕಾಗುತ್ತೆ. ನಾಲ್ಕು ಗಂಟೆಗೆ ಹೊರಡ್ತೀನಿ. ಅಷ್ಟರೊಳಗೆ ಈ ಹೆಂಗಸರೇ ಬಂದು ತಮ್ಮ ಬಾಯಿಂದ ಹೇಳಲಿ. ಬೇರೆಯವರು ಹೇಳಿದ್ದು ನಡೆಯಲ್ಲ."

ನರ್ಸಮ್ಮ ಕುದಿಯುವ ಪಾತ್ರೆಯ ಕಡೆ ನೋಡುತ್ತಾ ನಿಂತರು. "ಅದನ್ನ ನಾನು ಅವರ್ನ ಕೇಳಲಾರೆ ಸಾರ್" ಅಂದರು.

ಕೇಳಲಾರದ್ದು ಯಾಕೆಂದು ನನಗೆ ಗೊತ್ತಿತ್ತು. ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಸವೆಯುತ್ತದೆಂದು ನಮ್ಮಲ್ಲಿ ನಂಬಿಕೆ. ನಮ್ಮೂರ ಅರ್ಧಕ್ಕರ್ಧ ಗಂಡಸರು ಆ ಹೊತ್ತಿನಲ್ಲಿ ನೆಲದ ಕೆಳಗಿದ್ದರು. ಕೆಳಗೆ ಬಂಡೆ ಸಿಡಿದರೆ ನಮ್ಮ ಮನೆಯ ಮಡಕೆಗಳು ಅದುರುತ್ತಿದ್ದವು.

ಬಿಸಿಲಲ್ಲಿ ಮನೆಗೆ ನಡೆದು ಹೋಗಿ ಅತ್ತೆಗೆ ಎಲ್ಲ ಹೇಳಿದೆ. ನಮ್ಮತ್ತೆ ಕಟ್ಟುನಿಟ್ಟಿನವರು. ಮಗನಿಗೆ ತಮ್ಮ ಮಾವನ ಹೆಸರಿಟ್ಟಿದ್ದರಿಂದ ಅವರೂ ಅದನ್ನು ಬಾಯಿಗೆ ತರದೆ ‘ಅಪ್ಪಯ್ಯ’ ಎಂದೇ ಕರೆಯುವರು. ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದ ಕೈ ನಿಂತಿತು.

"ನಿಂಗೆ ನರ್ಸಮ್ಮ ಬೇಕಾ, ನನ್ ಮಗ ಬೇಕಾ?"

ಹೊಟ್ಟೆಯೊಳಗಿನದು ಒಮ್ಮೆ ಒದ್ದಿತು. ಅತ್ತೆ ಮೊರದ ಕಾಳನ್ನು ಒಂದು ಕಡೆಗೆ ಒತ್ತರಿಸಿದರು.

"ನಾನು ಏಳು ಮಕ್ಳ ಎತ್ತೆ" ಅಂದರು. "ಉಳಿದೋನು ಇವನೊಬ್ಬ. ಆ ಆರು ಸತ್ತೋದ್ವಲ್ಲ, ನಾನೇನು ಯಾರ ಎಸ್ರಾದ್ರೂ ಯೋಳಿದ್ನಾ?" ಮೊರ ಪಕ್ಕಕ್ಕಿಟ್ಟು ಎದ್ದರು. "ನಡಿ. ನಾನೂ ಬತ್ತೀನಿ."

ದಾರಿಯುದ್ದಕ್ಕೂ ಬಾಗಿಲು ಬಾಗಿಲು ಬಡಿದರು. "ಬಾರಮ್ಮಿ, ಗಂಡನ ಎಸರು ಯೋಳಿ ಬರಾನ" ಎಂದು ಹೊಲಕ್ಕೆ ಕಳೆ ಕೀಳಲು ಕರೆದಂತೆ ಕರೆದರು. ಕೆಲವರು ಬಾಗಿಲು ಹಾಕಿಕೊಂಡರು. ನಾನೂ ಸೇರಿ ಬಂದ ಬಸುರಿಯರು ಹನ್ನೊಂದು ಜನ.

ಸಾಹೇಬರು ಜೀಪು ಹತ್ತಲು ಹೊರಟಿದ್ದವರು ತಿರುಗಿ ಬಂದು ಕುರ್ಚಿಯಲ್ಲಿ ಕೂತರು. ಮೊದಲು ಬಾವಿಕಟ್ಟೆ ಮನೆಯವಳ ಸರದಿ. ಸೆರಗು ಬಾಯಿಗಿಟ್ಟುಕೊಂಡು ನಿಂತೇ ನಿಂತಳು.

"ಯೋಳೇ" ಅಂದಳು ಹಿಂದಿನವಳು. "ಬೆಳಗೆದ್ದು ಅವನ ಏಳು ತಲೆಮಾರು ಎತ್ತಾಡ್ತೀಯ, ಎಸರು ಬರಲ್ವಾ?"

ಅವಳು ಗೋಡೆಯ ಕಡೆ ತಿರುಗಿ "ಮುನೆಂಕಟಪ್ಪ" ಅಂದಳು. ಯಾರೂ ನಗಲಿಲ್ಲ. ಸಾಹೇಬರ ಪೆನ್ನು ಸದ್ದು ಮಾಡಿತು.

ಐದನೆಯವಳು ನಾನು. ಮದುವೆಯಾಗಿ ಎರಡು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರು ಅದು. ಬೆನ್ನ ಮೇಲೆ ಅತ್ತೆಯ ಅಂಗೈ ಬಿತ್ತು. ಹೇಳಿದೆ. ಆ ಅಂಗೈಯ ಭಾರ ಈಗಲೂ ಬೆನ್ನಿಗೆ ನೆನಪಿದೆ.

ಹನ್ನೊಂದು ಹೆಸರು ಬರೆದ ಮೇಲೆ ಸಾಹೇಬರು ನಮ್ಮ ಹೊಟ್ಟೆಗಳನ್ನೂ ರಿಜಿಸ್ಟರನ್ನೂ ಬದಲಿಸಿ ಬದಲಿಸಿ ನೋಡಿದರು. ಕೆಳಗೆ ಒಂದು ಸಾಲು ಗೀಚಿ ಸಹಿ ಹಾಕಿ, "ಇರಲಿ, ನಡೀಲಿ ಕೇಂದ್ರ" ಅಂದು ಹೊರಟುಹೋದರು.

ನರ್ಸಮ್ಮ ನನ್ನ ಹತ್ತಿರ ಬಂದರು. ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಮುಖ ಬಿಳಿಚಿತ್ತು. "ಯಾಕೆ ಹೇಳ್ದೆ ಕಣ್ಣು? ಅವನು ಕೆಳಗಿದಾನಲ್ಲ."

ಕೇಂದ್ರಕ್ಕೆ ಬೀಗ ಹಾಕಿ ನಮ್ಮ ಜೊತೆಯಲ್ಲೇ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರುವವರೆಲ್ಲ ಒಬ್ಬೊಬ್ಬರಾಗಿ ಬಂದರು. ನಮ್ಮ ಮನೆಯವರಿಲ್ಲ. ಅತ್ತೆ ಒಳಗೆ ಹೋಗಲಿಲ್ಲ. ನರ್ಸಮ್ಮ ಎರಡು ಅಂಗೈಗಳನ್ನೂ ಸುಮ್ಮನೆ ಉಜ್ಜುತ್ತಾ ರಸ್ತೆ ನೋಡುತ್ತಿದ್ದರು. ಪುಸ್ತಕ ಓದಿ ಪಾಸಾಗಿದ್ದವರು, ತಾಯಿತ ಕಟ್ಟಿಕೊಂಡು ಬಂದವರನ್ನು ಗದರಿಸುತ್ತಿದ್ದವರು, ಆ ಸಂಜೆ ನಮಗಿಂತ ಹೆಚ್ಚು ಹೆದರಿದ್ದರು.

ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯವರು ಸೈಕಲ್ ತಳ್ಳಿಕೊಂಡು ಬಂದರು. ಟಯರು ಪಂಚರಾಗಿತ್ತಂತೆ. ಜಗಲಿಯಲ್ಲಿ ಕೂತ ಮೂವರು ಹೆಂಗಸರನ್ನು ನೋಡಿ, "ಯಾರಿಗೇನಾಯ್ತು?" ಅಂದರು. ನರ್ಸಮ್ಮ ಎದ್ದು ಕೊಡೆ ತೆಗೆದುಕೊಂಡು ಹೊರಟರು.

ಮೂರು ವಾರಕ್ಕೆ ನನ್ನ ಮಗಳು ಹುಟ್ಟಿದಳು. ಕರುಳಬಳ್ಳಿ ಕೊರಳಿಗೆ ಎರಡು ಸುತ್ತು ಸುತ್ತಿಕೊಂಡಿತ್ತು. ಅದನ್ನು ಬಿಡಿಸಿದ್ದು ಆ ಚಪ್ಪಟೆ ಬೆರಳುಗಳು. ಕೂಸು ಅತ್ತ ಮೇಲೆ ನರ್ಸಮ್ಮ ರಿಜಿಸ್ಟರು ಬಿಡಿಸಿ ಕೂತರು. ಗಂಡನ ಹೆಸರಿನ ಕಾಲಮ್ಮಿಗೆ ಬಂದಾಗ ನನ್ನನ್ನು ಕೇಳಲಿಲ್ಲ; ತಾವೇ ನೆನಪಿನಿಂದ ಬರೆದುಕೊಂಡರು.

ಮುಂದೆ ಏಳೆಂಟು ವರ್ಷ ಅಲ್ಲೇ ಇದ್ದರು. ಆಯಾ ಮಾತ್ರ ಬರಲೇ ಇಲ್ಲ. ವರ್ಗವಾದ ಮೇಲೆ ಒಂದು ದಿನ ನಮ್ಮ ಮನೆಗೆ ಒಂದು ಕಾರ್ಡು ಬಂತು. ನಮ್ಮ ಮನೆಯವರು ಮೇಲಿನ ಎರಡು ಸಾಲು ಓದಿದರು: ಯಾವುದೋ ಹೆಂಗಸಿನ ಹೆಸರು, ಜ್ವರದಲ್ಲಿ ತೀರಿಕೊಂಡರೆಂದು. ‘ಯಾರೋ ಏನೋ, ತಪ್ಪಿ ಬಂದಿರಬೇಕು’ ಅಂತ ತೊಲೆಯ ಸಂದಿಗೆ ಸಿಕ್ಕಿಸಿದೆವು. ಎರಡು ದಿನದ ಮೇಲೆ ಮಗಳು ಅದನ್ನು ತೆಗೆದು ಕೂಡಿಸಿ ಕೂಡಿಸಿ ಓದಿದಳು. ಕೊನೆಯ ಸಾಲು ನಾವು ಓದಿರಲಿಲ್ಲ: ‘ನಿಮ್ಮೂರಲ್ಲಿ ನರ್ಸ್ ಆಗಿದ್ದವರು.’

ಅತ್ತೆ ಹಣೆ ಬಡಿದುಕೊಂಡರು. ಊರಿನ ಅರ್ಧ ಮಕ್ಕಳನ್ನು ಕೈಯಲ್ಲಿ ಹಿಡಿದವರ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಒಬ್ಬರೂ ಕೇಳಿರಲಿಲ್ಲ.

ಆ ಕಾರ್ಡು ಈಗಲೂ ನನ್ನ ಟ್ರಂಕಿನಲ್ಲಿದೆ. ಹೆಸರು ಗೊತ್ತು. ಆದರೆ ಬಾಳಲೆಂದು ನಾವು ಬಯಸಿದವರ ಹೆಸರನ್ನು ನಮ್ಮಲ್ಲಿ ಬಾಯಿಗೆ ತರುವುದಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ಆ ಕಟ್ಟು ಮುರಿದೆ, ಅವರಿಗಾಗಿ. ಅವರ ಹೆಸರು ಹೇಳಿ ಮತ್ತೆ ಮುರಿಯಲಾರೆ.