ಬೋಗಾಣಿಯ ಫೋಟೋ

ಮನೆಯ ಪಾತ್ರೆ ಯಾರಾದರೂ ಕೇಳಿ ಒಯ್ದರೆ ನಾನು ಫೋನಿನಲ್ಲಿ ಅದರ ಫೋಟೋ ಹೊಡೆದುಕೊಳ್ಳುತ್ತೇನೆ. ಪಾತ್ರೆ ತಿರುಗಿ ಬಂದ ದಿನ ಆ ಫೋಟೋ ಅಳಿಸುತ್ತೇನೆ. ಎದುರು ಮನೆಯ ಅಕ್ಕ ಬಸುರಿ ಮಗಳ ಕುಬಸದ ಅಡಿಗೆಗೆಂದು ಒಯ್ದ ದೊಡ್ಡ ಬೋಗಾಣಿ ಮಾತ್ರ ಬರಲೇ ಇಲ್ಲ. "ಆಗ್ಲೇ ತಿರುಗಿ ಕೊಟ್ಟೀನವ್ವಾ" ಅಂತ ಆಕೆ ಆಣೆ ಮಾಡಿದಳು. ಫೋನಿನಲ್ಲಿ ಫೋಟೋ ಇರಲಿಲ್ಲ. ಅವತ್ತು ಹೊಡೆಯುವುದನ್ನೇ ಮರೆತಿದ್ದೇನೆ ಅಂದುಕೊಂಡು ಓಣಿಗೆಲ್ಲ ಕೇಳುವಂತೆ ಜಗಳ ಆಡಿದೆ. ವರ್ಷವಾದರೂ ನಮ್ಮಿಬ್ಬರಿಗೆ ಮಾತಿರಲಿಲ್ಲ.

ಮೊನ್ನೆ ಫೋನಿನಲ್ಲಿ ಜಾಗವೇ ಇಲ್ಲವಾಗಿ, ಕೂಡ್ಲಿಗಿ ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಭಾಯಿ ಕಣ್ಣಿಗೆ ಕಾಣದ ಯಾವುದೋ ಫೋಲ್ಡರ್ ತೆಗೆದು, "ಅಕ್ಕಾರ, ನೀವು ಅಳಿಸಿದ್ರೂ ಫೋನು ಒಂದೊಂದು ಸಣ್ಣ ನಕಲು ಇಟ್ಕೊಂಡೈತಿ ನೋಡ್ರಿ. ಜಾಗ ತಿಂದಿದ್ದು ಇವೇ" ಅಂದರು. ಅಂಚೆಚೀಟಿಯಷ್ಟು ಕೊಡ, ಪರಾತ, ಜರಡಿ, ನೂರಾರು. ಅವುಗಳ ನಡುವೆ ನನ್ನ ಬೋಗಾಣಿ!

ಅಂದರೆ ಫೋಟೋ ಹೊಡೆದಿದ್ದೆ, ಅಳಿಸಿಯೂ ಇದ್ದೆ. ಬೋಗಾಣಿ ಬಂದಿತ್ತು.

ಮನೆಗೆ ಬಂದು ಅಟ್ಟ ಹತ್ತಿದರೆ, ಅದು ಹುಣಸೆಹಣ್ಣು ತುಂಬಿಕೊಂಡು ಮೂಲೆಯಲ್ಲಿ ಕೂತಿತ್ತು. ಒಬ್ಬಳೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ತೊಳೆದು, ಅದರ ತುಂಬ ಒಗ್ಗರಣೆ ಮಂಡಕ್ಕಿ ಮಾಡಿ ಎದುರು ಮನೆಗೆ ಒಯ್ದು, "ಯಕ್ಕಾ, ತಪ್ಪು ನಂದು" ಅಂದೆ.

ಆಕೆ ಬೋಗಾಣಿ ನೋಡಿದಳು, ನನ್ನ ಮುಖ ನೋಡಿದಳು. "ತಡಿ" ಎಂದು ಒಳಗೆ ಹೋಗಿ ತನ್ನ ಫೋನು ತಂದು, ಬೋಗಾಣಿ ಹಿಡಿದು ನಿಂತ ನನ್ನನ್ನೂ ಸೇರಿಸಿ ಫೋಟೋ ಹೊಡೆದಳು.

"ಇದನ್ನ ಮಾತ್ರ ಅಳಿಸಂಗಿಲ್ಲ."